ದ್ವೀಪದ ಒಡೆತನವೂ ಮಾಂಜ್ರಾ ದಂಡೆಯ ಗಡಿಯೂ

ಕರ್ನಾಟಕದ ನಕಾಶೆಯನ್ನು ಎದುರಿಗೆ ಹರವಿಕೊಳ್ಳಿ. ನೆತ್ತಿಯ ಮೇಲೆ ಕಿರೀಟದಂತೆ ಕೂತಿರುವುದು ಬೀದರ ಜಿಲ್ಲೆ. ಬೀದರ ನಗರದಿಂದ ಉತ್ತರಕ್ಕೆ ಔರಾದ, ವಾಯವ್ಯಕ್ಕೆ ಭಾಲ್ಕಿ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಕಿಲೋಮೀಟರ್ ದೂರ. ಹೀಗಿರುವಾಗ ದ್ವೀಪಗಳ ಒಡೆತನ, ಕಡಲ ತಳದ ತೈಲದ ಹಕ್ಕು ಎಂಬ ಪಾಠ ಬಂದರೆ ಇಲ್ಲಿನ ವಿದ್ಯಾರ್ಥಿಗೆ ಅದು ಯಾರದೋ ಊರಿನ ಜಗಳ ಎನ್ನಿಸುವುದು ಸಹಜ. ಪರೀಕ್ಷೆಗೆಂದು ನಾಲ್ಕು ಹೆಸರು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುತ್ತಾರೆ. ಆದರೆ ಆ ಜಗಳಗಳನ್ನು ಒಂದಿಷ್ಟು ಬಿಡಿಸಿ ನೋಡಿದರೆ ನಮ್ಮ ಮಾಂಜ್ರಾ ದಂಡೆಯ ಹಳ್ಳಿಗಳ ಪ್ರಶ್ನೆಯೇ ಅಲ್ಲಿ ಬೇರೆ ವೇಷದಲ್ಲಿ ನಿಂತಿರುವುದು ಕಾಣುತ್ತದೆ.

ಮೊದಲು ದ್ವೀಪಕ್ಕೆ ಇಷ್ಟು ಬೆಲೆ ಬಂದದ್ದು ಹೇಗೆಂದು ತಿಳಿಯೋಣ. ತೀರಕ್ಕೆ ಹೊಂದಿಕೊಂಡು ನೀರಿನಡಿಯಲ್ಲಿ ಚಾಚಿರುವ ನೆಲದ ಸಂಪತ್ತೆಲ್ಲ ತನ್ನದು ಎಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ 1945ರಲ್ಲಿ ಘೋಷಿಸಿದರು. ಕಡಲ ತಳದಿಂದ ಎಣ್ಣೆ ಎತ್ತುವ ತಂತ್ರ ಆಗ ಬೆಳೆಯುತ್ತಿತ್ತು. ಬೇರೆ ದೇಶಗಳೂ ಅದೇ ದಾರಿ ಹಿಡಿದವು. ಕೊನೆಗೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ತೀರದಿಂದ 200 ನಾಟಿಕಲ್ ಮೈಲಿ, ಎಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಸಂಪತ್ತಿನ ಹಕ್ಕನ್ನು ಆಯಾ ದೇಶಕ್ಕೆ ಕೊಟ್ಟಿತು. ಜನವಸತಿಗೆ ಯೋಗ್ಯವಾದ ದ್ವೀಪಕ್ಕೂ ಈ ಹಕ್ಕು ಉಂಟು.

ಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಿ. 370 ಕಿಲೋಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಎಷ್ಟು? ಸುಮಾರು 4 ಲಕ್ಷ 30 ಸಾವಿರ ಚದರ ಕಿಲೋಮೀಟರ್. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅಂದರೆ ಸುತ್ತ ಬೇರೆ ಯಾರ ತೀರವೂ ಇಲ್ಲದ ಒಂದು ಪುಟ್ಟ ದ್ವೀಪ ತನ್ನ ಒಡೆಯನಿಗೆ ಎರಡು ಕರ್ನಾಟಕಕ್ಕಿಂತ ದೊಡ್ಡ ಕಡಲನ್ನು ತಂದುಕೊಡಬಲ್ಲದು! ಜಗಳ ನಡೆಯುವುದು ಗುಡ್ಡೆಯಷ್ಟು ನೆಲಕ್ಕೆ. ಕಣ್ಣಿರುವುದು ಸುತ್ತಲಿನ ನೀರಿನ ಮೇಲೆ, ಅದರ ತಳದ ಎಣ್ಣೆಯ ಮೇಲೆ.

ಬೋರ್ನಿಯೊ ದ್ವೀಪದ ಈಶಾನ್ಯಕ್ಕೆ ಲಿಗಿತಾನ್ ಮತ್ತು ಸಿಪದಾನ್ ಎಂಬ ಎರಡು ಕಿರು ದ್ವೀಪಗಳಿವೆ. ಬಹುಕಾಲ ಅವುಗಳನ್ನು ಕೇಳುವವರೇ ಇರಲಿಲ್ಲ. ಆ ಕಡಲಿನಲ್ಲಿ ಎಣ್ಣೆ ಹುಡುಕುವ ಕಾಲ ಬಂದಾಗ, 1969ರಲ್ಲಿ, ಇಂಡೊನೇಷ್ಯಾ ಮತ್ತು ಮಲೇಷ್ಯಾ ಎರಡೂ ‘ಇವು ನಮ್ಮವು’ ಎಂದವು. ಪ್ರಕರಣ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಂಡೊನೇಷ್ಯಾ 1891ರ ಬ್ರಿಟಿಷ್-ಡಚ್ ಒಪ್ಪಂದವನ್ನು ಮುಂದಿಟ್ಟಿತು. ಅದರಿಂದ ಈ ದ್ವೀಪಗಳ ಒಡೆತನ ತೀರ್ಮಾನವಾಗದು ಎಂದಿತು ನ್ಯಾಯಾಲಯ. ಹಾಗಾದರೆ ಏನು ನೋಡಿತು? ಅಲ್ಲಿ ಕಡಲಾಮೆಯ ಮೊಟ್ಟೆ ಸಂಗ್ರಹಿಸಲು ನಿಯಮ ಮಾಡಿದವರು ಯಾರು, 1933ರಲ್ಲಿ ಸಿಪದಾನನ್ನು ಪಕ್ಷಿಗಳ ರಕ್ಷಿತ ತಾಣವೆಂದು ಸಾರಿದವರು ಯಾರು, ದೀಪಸ್ತಂಭ ನಿಲ್ಲಿಸಿ ನೋಡಿಕೊಂಡವರು ಯಾರು ಎಂದು ನೋಡಿತು. ಉತ್ತರ ಬ್ರಿಟಿಷ್ ಉತ್ತರ ಬೋರ್ನಿಯೊದ ಆಡಳಿತ, ಅದರ ನಂತರ ಮಲೇಷ್ಯಾ. 2002ರಲ್ಲಿ ದ್ವೀಪಗಳು ಮಲೇಷ್ಯಾದ ಪಾಲಾದವು.

ಇದಕ್ಕೂ ಮೊದಲು, 1953ರಲ್ಲಿ, ಬ್ರಿಟನ್ ಮತ್ತು ಫ್ರಾನ್ಸ್ ನಡುವಣ ಕೆಲವು ಬಂಡೆದ್ವೀಪಗಳ ವ್ಯಾಜ್ಯದಲ್ಲೂ ಅದೇ ನ್ಯಾಯಾಲಯ ಮಧ್ಯಯುಗದ ದೊರೆಗಳ ಕಥೆಗೆ ಹೆಚ್ಚು ಮನ್ನಣೆ ಕೊಡಲಿಲ್ಲ. ಅಲ್ಲಿನ ಮನೆಗಳಿಗೆ ತೆರಿಗೆ ಹಾಕಿದ್ದು, ಅಪರಾಧಗಳ ವಿಚಾರಣೆ ನಡೆಸಿದ್ದು, ತೀರಕ್ಕೆ ಬಂದ ಶವಗಳ ಮಹಜರು ಮಾಡಿದ್ದು ಯಾರೆಂದು ಕೇಳಿ ಬ್ರಿಟನ್ನಿನ ಪರ ತೀರ್ಪಿತ್ತಿತು. ಇದರ ಜೊತೆಗೆ ಇನ್ನೊಂದು ನಿಯಮವನ್ನೂ ನೆನಪಿಡಬೇಕು. ವ್ಯಾಜ್ಯ ಹುಟ್ಟಿದ ಮೇಲೆ ಪುರಾವೆ ಸೃಷ್ಟಿಸಲೆಂದೇ ಯಾರಾದರೂ ಧ್ವಜ ನೆಟ್ಟರೆ, ಕಚೇರಿ ಕಟ್ಟಿದರೆ, ಅದು ಲೆಕ್ಕಕ್ಕೆ ಬರುವುದಿಲ್ಲ. ಜಗಳವಿಲ್ಲದ ದಿನಗಳಲ್ಲಿ ಸದ್ದಿಲ್ಲದೆ ಮಾಡಿದ ಕೆಲಸಕ್ಕೇ ತೂಕ ಹೆಚ್ಚು.

ಈಗ ನಮ್ಮ ನಾಡಿಗೆ ಬರೋಣ. ಕನ್ನಡನಾಡಿಗೂ ಒಂದು ದ್ವೀಪದ ಕಥೆಯಿದೆ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವು ಅರಬ್ಬೀ ಕಡಲಿನ ಅಮಿನದಿವಿ ದ್ವೀಪಗಳು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದಿದ್ದ ಇವು, 1799ರಲ್ಲಿ ಆತ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಆ ಜಿಲ್ಲೆಯನ್ನು, ಕಾಸರಗೋಡು ತಾಲ್ಲೂಕು ಮತ್ತು ಈ ದ್ವೀಪಗಳನ್ನು ಬಿಟ್ಟು, ಮೈಸೂರು ರಾಜ್ಯಕ್ಕೆ ಸೇರಿಸಿತು. ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಅದೇ ಇಂದಿನ ಲಕ್ಷದ್ವೀಪ.

ಅದೇ ಕಾಯ್ದೆ, ಅದೇ 1956ರ ನವೆಂಬರ್ 1, ಬೀದರ ಜಿಲ್ಲೆಯ ಹಣೆಬರಹವನ್ನೂ ಬರೆಯಿತು. ನಿಜಾಮರ ಹೈದರಾಬಾದ್ ಸಂಸ್ಥಾನದ ಬೀದರ ಇಂದಿಗಿಂತ ದೊಡ್ಡ ಜಿಲ್ಲೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದ ನೆಲ. 1955ರಲ್ಲಿ ವರದಿ ಕೊಟ್ಟ ಫಜಲ್ ಅಲಿ ಆಯೋಗ ಬೀದರವನ್ನು ಉಳಿದ ಹೈದರಾಬಾದ್ ರಾಜ್ಯದಲ್ಲೇ ಇಡಬೇಕೆಂದಿತ್ತು. ಸಂಸತ್ತು ಬೇರೆ ದಾರಿ ಹಿಡಿಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಇಂದು ಅವು ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ನಾರಾಯಣಖೇಡ ಮತ್ತು ಜಹೀರಾಬಾದ್ ಆಂಧ್ರಕ್ಕೆ ಹೋಗಿ ಇಂದು ತೆಲಂಗಾಣದಲ್ಲಿವೆ. ಜಹೀರಾಬಾದ್ ಹೋದರೂ ಅದರ ನಿರ್ಣಾ ಹೋಬಳಿ ಇತ್ತ ಉಳಿಯಿತು. ಬೀದರ ತಾಲ್ಲೂಕು ಇತ್ತ ಉಳಿದರೂ ಅದರ ನ್ಯಾಲಕಲ್ ಭಾಗ ಅತ್ತ ಹೋಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸೇರಿದವು.

ಗೆರೆ ಬಿದ್ದಷ್ಟಕ್ಕೆ ವಿವಾದ ಮುಗಿಯಲಿಲ್ಲ. ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಮೆಹರ್‌ಚಂದ್ ಮಹಾಜನರ ಆಯೋಗವನ್ನು 1966ರಲ್ಲಿ ಕೇಂದ್ರ ನೇಮಿಸಿತು. 1967ರ ಅದರ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ದಶಕ ಕಳೆದರೂ ಆ ದಾವೆ ಇತ್ಯರ್ಥವಾಗಿಲ್ಲ. 2022ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ವಿಧಾನಮಂಡಲ 865 ಊರುಗಳು ತನಗೆ ಸೇರಬೇಕೆಂದು ಗೊತ್ತುವಳಿ ಮಾಡಿದಾಗ ಬೆಳಗಾವಿ, ಕಾರವಾರ, ನಿಪ್ಪಾಣಿಗಳ ಜೊತೆಗೆ ಬೀದರ ಮತ್ತು ಭಾಲ್ಕಿಯ ಹೆಸರನ್ನೂ ಹೇಳಿತು. ಒಂದಂಗುಲ ನೆಲವನ್ನೂ ಬಿಡೆವೆಂದು ಕರ್ನಾಟಕ ತನ್ನ ಗೊತ್ತುವಳಿಯಲ್ಲಿ ಹೇಳಿತು.

ದ್ವೀಪದ ವ್ಯಾಜ್ಯಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ರಾಜ್ಯಗಳು ಬೇರೆ ಬೇರೆ ದೇಶಗಳಲ್ಲ. ಸಂವಿಧಾನದ 3ನೆಯ ವಿಧಿಯ ಪ್ರಕಾರ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ಕರ್ನಾಟಕದ ವಾದ ನಿಂತಿರುವುದು ಇದರ ಮೇಲೆಯೇ. ಮಹಾರಾಷ್ಟ್ರದ ವಾದ ಹಳ್ಳಿಯೇ ಘಟಕ, ಭಾಷಿಕರ ಬಹುಮತ, ಭೌಗೋಳಿಕ ಸಾಮೀಪ್ಯ, ಜನರ ಇಚ್ಛೆ ಎಂಬ ತತ್ವಗಳ ಮೇಲೆ ನಿಂತಿದೆ. ಎರಡನ್ನೂ ತಿಳಿದುಕೊಂಡವನೇ ಈ ವಿಷಯದಲ್ಲಿ ಮಾತನಾಡಲು ಅರ್ಹ.

ಹೋಲಿಕೆ ಕಾಣುವುದು ಗೆರೆಯ ಹಿಂದೆ ಬರುವ ಸಂಪತ್ತಿನಲ್ಲಿ. ದ್ವೀಪದ ಹಿಂದೆ ಎಣ್ಣೆ ಬರುವಂತೆ ಗಡಿಗೆರೆಯ ಹಿಂದೆ ಏನು ಬರುತ್ತದೆ? ವಿದ್ಯಾರ್ಥಿಗಳ ಮಟ್ಟಿಗೆ ಹೇಳುವುದಾದರೆ ಕಾಲೇಜಿನ ಸೀಟು ಬರುತ್ತದೆ. ಸಂವಿಧಾನದ 98ನೆಯ ತಿದ್ದುಪಡಿ ತಂದ 371 ಜೆ ವಿಧಿಯಿಂದಾಗಿ 2013ರಿಂದ ಬೀದರವೂ ಸೇರಿದಂತೆ ಇಂದಿನ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಮೀಸಲು ಸಿಕ್ಕಿದೆ. ಭಾಲ್ಕಿಯ ಹುಡುಗಿಗೆ ಆ ಪ್ರಮಾಣಪತ್ರ ಸಿಗುತ್ತದೆ. ಹಿಂದೆ ಇದೇ ಜಿಲ್ಲೆಯಲ್ಲಿದ್ದ ಉದಗೀರದಲ್ಲಿ ಹುಟ್ಟಿ ಬೆಳೆದ ಅವಳ ಸೋದರತ್ತೆಯ ಮಗಳಿಗೆ ಸಿಗುವುದಿಲ್ಲ. ಅವಳಿಗೆ ಮಹಾರಾಷ್ಟ್ರದ ನಿಯಮಗಳು. ಇಬ್ಬರ ಮನೆಮಾತು ಒಂದೇ ಇರಬಹುದು, ಮನೆದೇವರೂ ಒಂದೇ ಇರಬಹುದು.

ಎರಡನೆಯದು ನೀರು. ಕಡಲ ತಳದ ಎಣ್ಣೆ ಯಾವ ರಾಜ್ಯದ್ದೂ ಅಲ್ಲ. ಸಂವಿಧಾನದ 297ನೆಯ ವಿಧಿ ಅದನ್ನು ಕೇಂದ್ರದ ವಶಕ್ಕೆ ಕೊಟ್ಟಿದೆ. ಅಮಿನದಿವಿ ನಮ್ಮಲ್ಲೇ ಉಳಿದಿದ್ದರೂ ಅದರ ಸುತ್ತಲಿನ ಎಣ್ಣೆ ಕರ್ನಾಟಕದ್ದಾಗುತ್ತಿರಲಿಲ್ಲ. ಹೊಳೆಯ ನೀರಿನ ಮಾತು ಬೇರೆ. ನೀರು ರಾಜ್ಯಪಟ್ಟಿಯಲ್ಲಿದೆ. ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ, ಲಾತೂರ ದಾಟಿ ಬೀದರ ಜಿಲ್ಲೆಗೆ ಬಂದು, ತೆಲಂಗಾಣದಲ್ಲಿ ಹರಿದು ಗೋದಾವರಿಯನ್ನು ಸೇರುತ್ತದೆ. ಮೂರು ರಾಜ್ಯಗಳಿಗೂ ಅದರ ನೀರು ಬೇಕು.

ಇಲ್ಲಿಯೇ ಒಂದು ಸಮಾಧಾನದ ಸಂಗತಿಯಿದೆ. ಗಡಿಯ ಜಗಳ ಮುಗಿಯುವವರೆಗೆ ಸಂಪತ್ತಿನ ಹಂಚಿಕೆ ಕಾಯಬೇಕೆಂದೇನೂ ಇಲ್ಲ. ಮಲೇಷ್ಯಾ ಮತ್ತು ಥಾಯ್ಲೆಂಡ್ 1979ರಲ್ಲಿ ಇಂಥದೊಂದು ಒಪ್ಪಂದಕ್ಕೆ ಬಂದವು. ಇಬ್ಬರೂ ತಮ್ಮದೆನ್ನುವ ಕಡಲಭಾಗದ ಗೆರೆಯನ್ನು ಆಮೇಲೆ ನೋಡೋಣ, ಅಲ್ಲಿನ ತೈಲ ಮತ್ತು ಅನಿಲವನ್ನು ಸಮಪಾಲು ಮಾಡಿಕೊಳ್ಳೋಣ ಎಂದವು. ಬೀದರದ ನೀರಿನ ವಿಷಯದಲ್ಲಿ ನಮ್ಮ ರಾಜ್ಯಗಳೂ ಇದನ್ನೇ ಮಾಡಿವೆ. 1969ರಲ್ಲಿ ನೇಮಕಗೊಂಡ ಬಚಾವತ್ ಅವರ ಗೋದಾವರಿ ನ್ಯಾಯಮಂಡಳಿ 1980ರಲ್ಲಿ ಕೊಟ್ಟ ಐತೀರ್ಪು ಬಹುಮಟ್ಟಿಗೆ ರಾಜ್ಯಗಳು ತಾವೇ ಕೂತು ಮಾಡಿಕೊಂಡ ಒಪ್ಪಂದಗಳ ಮೇಲೆ ನಿಂತಿದೆ. ಮಾಂಜ್ರಾದ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ ಅಡಿ. ಬೀದರ ನಗರ ಕುಡಿಯುವ ನೀರಿಗೆ ಇದನ್ನು ನೆಚ್ಚಿದೆ. ಗಡಿಯ ವಿಷಯದಲ್ಲಿ ಒಮ್ಮತವಿಲ್ಲದ ರಾಜ್ಯಗಳೇ ನೀರಿನ ಲೆಕ್ಕಕ್ಕೆ ಸಹಿ ಹಾಕಿವೆ ಎಂಬುದನ್ನು ಭಾಷಣ ಮಾಡುವವರು ಹೇಳುವುದು ಕಡಿಮೆ.

ಪೋಷಕರಿಗೊಂದು ಮಾತು. ಗಡಿಯ ಸುದ್ದಿ ಬಂದಾಗಲೆಲ್ಲ ಬಸ್ಸು ನಿಲ್ಲುತ್ತದೆ, ಫಲಕಗಳಿಗೆ ಮಸಿ ಬಳಿಯುತ್ತಾರೆ, ಶಾಲೆಗೆ ಹೋಗುವ ಮಕ್ಕಳು ನಡುವೆ ಸಿಕ್ಕಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಮಕ್ಕಳಿಗೆ ಘೋಷಣೆಯನ್ನು ಕಲಿಸುವುದು ಸುಲಭ, ದಾಖಲೆ ಓದುವುದನ್ನು ಕಲಿಸುವುದು ಕಷ್ಟ. ಆದರೆ ಹೇಗ್‌ನಲ್ಲಿ ಗೆದ್ದದ್ದು ಆಮೆಯ ಮೊಟ್ಟೆಯ ನಿಯಮಪುಸ್ತಕ. ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಉರ್ದು ಪಹಣಿ ಇದ್ದೀತು, ಕಂದಾಯದ ರಸೀದಿ ಇದ್ದೀತು, ‘ಉದಗೀರ ತಾಲ್ಲೂಕು, ಬೀದರ ಜಿಲ್ಲೆ’ ಎಂದು ಬರೆದ ಶಾಲೆಯ ಸರ್ಟಿಫಿಕೇಟು ಇದ್ದೀತು. ಅವನ್ನು ಹೊರತೆಗೆದು, ಓದಬಲ್ಲ ಹಿರಿಯರಿಂದ ಓದಿಸಿ, ಊರಿನ ಹೆಸರಿನ ಮುಂದೆ ತಾಲ್ಲೂಕು, ಜಿಲ್ಲೆ, ರಾಜ್ಯ ಯಾವ ವರ್ಷ ಹೇಗೆ ಬದಲಾಯಿತೆಂದು ಮಗ ಅಥವಾ ಮಗಳಿಂದ ಒಂದು ಪಟ್ಟಿ ಬರೆಸಿ. ಸಮಾಜಶಾಸ್ತ್ರದ ಪುಸ್ತಕದಲ್ಲಿ ಸಿಗದ ಪಾಠ ಆ ಒಂದು ಹಾಳೆಯಲ್ಲಿ ಸಿಗುತ್ತದೆ.