ಯಾರೋ ನೆನೆದರು!

ಪೀಣ್ಯದ ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟದ ಬಿಡುವಿನ ಹೊತ್ತು. ಹೋಟೆಲಿನಲ್ಲಿ ನನ್ನೆದುರಿಗೆ ಕುಳಿತಿದ್ದ ತರುಣನೊಬ್ಬನು ಮಾತಿನ ಭರದಲ್ಲಿ ಸಾರನ್ನ ನುಂಗಹೋಗಿ ನೆತ್ತಿಗೆ ಹತ್ತಿಸಿಕೊಂಡನು. ಕೆಮ್ಮಿ ಕೆಮ್ಮಿ ಕಣ್ಣುಗಳಲ್ಲಿ ನೀರೇ ಬಂದಿತು. ಪಕ್ಕದಲ್ಲಿದ್ದ ಹಿರಿಯರು ಅವನ ನೆತ್ತಿಯನ್ನು ತಟ್ಟಿ, “ಊರಲ್ಲಿ ಯಾರೋ ನೆನೆಸಿಕೊಂಡರು ಕಣಪ್ಪ” ಎಂದರು.

ನೆನೆದವರು ಊರಿನಲ್ಲಿಲ್ಲ, ಅವನ ಕೊರಳಿನಲ್ಲಿಯೇ ಇದ್ದಾರೆ! ಅನ್ನದ ಹಾದಿಯೂ ಉಸಿರಿನ ಹಾದಿಯೂ ಕವಲೊಡೆಯುವ ಎಡೆಯಲ್ಲಿ ಧ್ವನಿಪೆಟ್ಟಿಗೆ ಉಂಟಷ್ಟೆ. ಅದರ ಒಳಗಿನ ಲೋಳೆಪೊರೆಯಲ್ಲಿ ಸೂಕ್ಷ್ಮವಾದ ನರತುದಿಗಳು ಹರಡಿಕೊಂಡಿವೆ. ಒಂದು ಅಗುಳು, ಒಂದು ತೊಟ್ಟು ನೀರು ತಗುಲಿದರೂ ಸಾಕು. ಆ ಸುದ್ದಿ ವೇಗಸ್ ನರದ ಕವಲುಗಳ ಮೂಲಕ ಮೆದುಳಿನ ಬುಡವನ್ನು ಮುಟ್ಟುತ್ತದೆ. ಧ್ವನಿತಂತುಗಳು ಒಡನೆಯೇ ಬಾಗಿಲು ಮುಚ್ಚುತ್ತವೆ. ಕೆಮ್ಮು ಬಂದು ಅತಿಕ್ರಮಿಸಿದ್ದನ್ನು ಹೊರಗಟ್ಟುತ್ತದೆ. ಒಗ್ಗರಣೆಯ ಮೆಣಸಿನಕಾಯಿಯ ಘಾಟಿಗೂ, ಲೋಹಕ್ಕೆ ಲೇಪ ಕೊಡುವ ಕಾರ್ಖಾನೆಯ ಆಮ್ಲದ ಹಬೆಗೂ ಎಚ್ಚರಗೊಳ್ಳುವ ಕಾವಲುಗಾರರು ಇವರು.

ನಾಲ್ಕು ಜನರ ನಡುವೆ ಕೆಮ್ಮು ಬಂದರೆ ನಾವು ಸಂಕೋಚಪಡುತ್ತೇವೆ. ಅಂಜಬೇಕಾದುದು ಅದರ ಮೌನಕ್ಕೆ. ಪಾರ್ಶ್ವವಾಯು ಬಡಿದವರಲ್ಲಿ ಎಷ್ಟೋ ವೇಳೆ ಈ ಅರಿವು ಮಂಕಾಗುತ್ತದೆ. ಆಗ ಕಾಫಿಯ ಗುಟುಕು ಸದ್ದಿಲ್ಲದೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯವನ್ನು ತರಬಹುದು. ‘ತಾತ ಕೆಮ್ಮದೆ ಕುಡಿದರು’ ಎಂಬ ಸಮಾಧಾನವಷ್ಟೇ ಸಾಲದು. ಉಂಡ ಮೇಲೆ ದನಿ ಗೊರಗೊರ ಎಂದರೆ, ಮತ್ತೆ ಮತ್ತೆ ಜ್ವರ ಬಂದರೆ ವೈದ್ಯರಿಗೆ ತಿಳಿಸಬೇಕು. ನೆಟ್ಟಗೆ ಕೂರಿಸಿ, ಸಾವಕಾಶವಾಗಿ ಉಣಿಸಬೇಕು.

ತರುಣನು ಸುಧಾರಿಸಿಕೊಂಡು ನಾಚಿ ನಕ್ಕನು. ಅವನನ್ನು ನೆನೆದವರಿಗೆ ನಾನು ಮನಸ್ಸಿನಲ್ಲಿಯೇ ಒಂದು ನಮಸ್ಕಾರ ಹೇಳಿದೆನು.