ಹಳೆಯ ಮನೆ ಕೊಳ್ಳುವವರೇ, ಬಿರುಕನ್ನು ಮುಚ್ಚಬೇಡಿ, ಬರೆಸಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಬಂಧುಗಳೇ,

ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟಿರುವವರಿಗೂ ಈಗಷ್ಟೇ ಕೊಂಡವರಿಗೂ ಈ ಮನವಿ. ಮನೆ ಕೊಳ್ಳುವಾಗ ನೀವು ಖಾತಾ ನೋಡುತ್ತೀರಿ, ಇ.ಸಿ. ತೆಗೆಸುತ್ತೀರಿ, ಮೂಲಪತ್ರಗಳನ್ನು ವಕೀಲರಿಗೆ ತೋರಿಸುತ್ತೀರಿ, ವಾಸ್ತು ಕೇಳುತ್ತೀರಿ. ಆದರೆ ಆ ಮನೆಗೆ ವಿಮೆ ಮಾಡಿಸುವವರು ತೀರ ಕಡಿಮೆ. ಯಾಕೆಂದು ಕೇಳಿದರೆ ಸಿಗುವ ಉತ್ತರ ಎರಡು. ಒಂದು, "ಹಳೇ ಮನೆಗೆ ಯಾರು ಇನ್ಶೂರೆನ್ಸ್ ಕೊಡ್ತಾರೆ?" ಇನ್ನೊಂದು, "ಗೋಡೆ ಬಿರುಕು ಬಿಟ್ಟಿದೆ ಅಂತ ಹೇಳಿದ್ರೆ ಕೊಡಲ್ಲ, ಹೇಳದೇ ಮಾಡಿಸೋಣ." ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಅಪಾಯ.

ನಮ್ಮ ಬಡಾವಣೆಗಳ ವಯಸ್ಸನ್ನು ಒಮ್ಮೆ ನೆನೆಯಿರಿ. ರಾಜಾಜಿನಗರ ಶುರುವಾದದ್ದು 1949ರಲ್ಲಿ. ಅಲ್ಲಿನ ಬ್ಲಾಕುಗಳಲ್ಲಿ, ವಿಜಯನಗರದ ಅಡ್ಡರಸ್ತೆಗಳಲ್ಲಿ ಐವತ್ತು ವರ್ಷ ದಾಟಿದ ಮನೆಗಳು ಇನ್ನೂ ನಿಂತಿವೆ. ಸೈಜುಗಲ್ಲಿನ ಪಾಯ, ದಪ್ಪ ಗೋಡೆ, ಗಟ್ಟಿ ಬಾಗಿಲು. ಜೊತೆಗೆ ವಯಸ್ಸಿನ ಲಕ್ಷಣಗಳೂ ಇವೆ. ಸಜ್ಜದ ಕೆಳಗೆ ಉದುರಿದ ಗಾರೆ, ಸಂಪಿನ ಪಕ್ಕದ ಗೋಡೆಯಲ್ಲಿ ತೇವ, ಮೋಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು, ತುಕ್ಕು ಹಿಡಿದ ಪೈಪು, ಅರ್ಥಿಂಗ್ ಸರಿಯಿಲ್ಲದ ವೈರಿಂಗು. ಇವುಗಳಿಗೆ ಹೆದರಿ ಒಳ್ಳೆಯ ಮನೆಯನ್ನು ಬಿಟ್ಟುಕೊಡಬೇಕಿಲ್ಲ. ಹಾಗೆಂದು ಕಣ್ಣು ಮುಚ್ಚಿಕೊಳ್ಳುವಂತೆಯೂ ಇಲ್ಲ.

ನಮ್ಮ ಭಾಗಕ್ಕೆ ನೀರಿನ ಭಯ ಹೊಸದಲ್ಲ. ವೃಷಭಾವತಿ ಮತ್ತು ಅದಕ್ಕೆ ಸೇರುವ ರಾಜಕಾಲುವೆಗಳು ಹರಿಯುವುದು ನಮ್ಮ ಬಡಾವಣೆಗಳ ನಡುವೆಯೇ. ಕೇತಮಾರನಹಳ್ಳಿ, ಕಾಮಾಕ್ಷಿಪಾಳ್ಯ, ಶಿವನಹಳ್ಳಿಗಳಲ್ಲಿ ಒಂದು ಕಾಲಕ್ಕೆ ಕೆರೆಗಳಿದ್ದವು. 2017ರ ಅಕ್ಟೋಬರ್‌ನಲ್ಲಿ ಒಂದೇ ಸಂಜೆಯ ಮಳೆಗೆ ಕುರುಬರಹಳ್ಳಿಯಲ್ಲಿ ಮನೆಯ ಗೋಡೆ ಕುಸಿದು ಜೀವಗಳೇ ಹೋದವು. 2021ರ ಅಕ್ಟೋಬರ್‌ನಲ್ಲಿ ಬಸವೇಶ್ವರನಗರದ ಪಕ್ಕದ ಕಮಲಾನಗರದಲ್ಲಿ ಬಹುಮಹಡಿ ಕಟ್ಟಡವೊಂದು ವಾಲಿತು. ಒಳಗಿದ್ದವರನ್ನು ಹೊರಗೆ ಕಳಿಸಿ ಅದನ್ನು ಕೆಡವಬೇಕಾಯಿತು. ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದ ಕುಟುಂಬಕ್ಕೆ ಆ ಹೊತ್ತಿನಲ್ಲಿ ಯಾರ ಸಾಂತ್ವನವೂ ಸಾಲದು.

ಇಂಥ ಆಪತ್ತಿಗೆಂದೇ ಸರ್ಕಾರದ ವಿಮಾ ನಿಯಂತ್ರಕರಾದ ಐಆರ್‌ಡಿಎಐ ರೂಪಿಸಿದ ಪಾಲಿಸಿಯೊಂದಿದೆ. ಅದರ ಹೆಸರು 'ಭಾರತ್ ಗೃಹ ರಕ್ಷಾ'. 2021ರ ಏಪ್ರಿಲ್ 1ರಿಂದ, ಬೆಂಕಿ ವಿಮೆ ಮಾಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಇಟ್ಟಿರಲೇಬೇಕು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪು ಒಡೆಯುವುದು, ಇವೆಲ್ಲ ಇದರಲ್ಲಿ ಸೇರಿವೆ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಮಾಡಿಸಬಹುದು.

ವಿಮೆಯ ಮೊತ್ತದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ವಿಮೆ ಸೈಟಿಗಲ್ಲ, ಕಟ್ಟಡಕ್ಕೆ. ರಾಜಾಜಿನಗರದ ಮೂವತ್ತು ನಲವತ್ತು ಸೈಟಿಗೆ ಕೋಟಿಗಟ್ಟಲೆ ಬೆಲೆ ಇರಬಹುದು. ಆದರೆ ವಿಮೆಯಲ್ಲಿ ನೋಡುವುದು ಕಾರ್ಪೆಟ್ ಏರಿಯಾ ಎಷ್ಟು, ಇವತ್ತು ಚದರಡಿಗೆ ಕಟ್ಟುವ ಖರ್ಚು ಎಷ್ಟು ಎಂಬುದನ್ನು ಮಾತ್ರ. ಸಾವಿರ ಚದರಡಿ, ಚದರಡಿಗೆ 2,000 ರೂಪಾಯಿ ಎಂದು ಹಿಡಿದರೆ ವಿಮೆಯ ಮೊತ್ತ 20 ಲಕ್ಷ. ಅದರ ಶೇ. 20ರಷ್ಟು, ಎಂದರೆ 4 ಲಕ್ಷ ರೂಪಾಯಿಯ ರಕ್ಷಣೆ ಮನೆಯೊಳಗಿನ ಸಾಮಾನುಗಳಿಗೆ ತಾನಾಗಿ ಸಿಗುತ್ತದೆ. ಇದಕ್ಕೆ 10 ಲಕ್ಷದ ಮಿತಿ ಇದೆ. ಒಡವೆಯಂಥ ಬೆಲೆಬಾಳುವ ವಸ್ತುಗಳನ್ನು ಬೇರೆಯಾಗಿಯೇ ಬರೆಸಬೇಕು. ಸೈಟಿನ ಬೆಲೆ ಸೇರದ ಕಾರಣ ಪ್ರೀಮಿಯಂ ಹೆಚ್ಚಿನ ಮನೆಗಳಿಗೆ ಹೊರೆಯಾಗುವಷ್ಟು ಇರುವುದಿಲ್ಲ.

ಇನ್ನು ಸಣ್ಣ ದೋಷಗಳ ಮಾತು. ವಿಮೆ ಇರುವುದು ಹಠಾತ್ತನೆ ಬರುವ ಆಪತ್ತಿಗೆ. ವರ್ಷಗಟ್ಟಲೆ ಒಸರಿದ ತೇವ, ವಯಸ್ಸಿಗೆ ಸವೆದ ಮೋಲ್ಡಿಂಗು, ನೀವು ಕೊಳ್ಳುವ ಮೊದಲೇ ಇದ್ದ ಬಿರುಕು, ಇವುಗಳ ರಿಪೇರಿಗೆ ಯಾವ ಕಂಪನಿಯೂ ಹಣ ಕೊಡುವುದಿಲ್ಲ. ನೆಲ ಕುಸಿತಕ್ಕೆ ರಕ್ಷಣೆ ಇದೆ ಎನ್ನುವ ಇದೇ ಪಾಲಿಸಿ, ಮಣ್ಣು ತುಂಬಿ ಎತ್ತರಿಸಿದ ಜಾಗ ಕೂರುವುದು, ಕಳಪೆ ವಿನ್ಯಾಸ, ಕಳಪೆ ಕಾಮಗಾರಿ, ಅಗೆತ, ಕಟ್ಟಡದ ಮಾರ್ಪಾಡು, ಇವುಗಳಿಂದಾದ ಕುಸಿತವನ್ನು ಹೊರಗಿಡುತ್ತದೆ. ಕೆರೆ ಇದ್ದ ಜಾಗದ ಸುತ್ತ, ರಾಜಕಾಲುವೆಯ ಮಗ್ಗುಲಲ್ಲಿ ಮನೆ ಕೊಳ್ಳುವವರು ಈ ಷರತ್ತನ್ನು ಎರಡು ಸಲ ಓದಬೇಕು. ಪಾಯವೇ ದುರ್ಬಲವಾಗಿದ್ದರೆ ಅದಕ್ಕೆ ಉತ್ತರ ಎಂಜಿನಿಯರರ ಬಳಿ ಇದೆ, ವಿಮೆಯಲ್ಲಿ ಇಲ್ಲ.

ಹಾಗಾದರೆ ಬಿರುಕನ್ನು ಹೇಳಿ ಏನು ಪ್ರಯೋಜನ? ಸಕ್ಕರೆ ಕಾಯಿಲೆ ಮುಚ್ಚಿಟ್ಟು ಆರೋಗ್ಯ ವಿಮೆ ಮಾಡಿಸಿದವರು ಆಸ್ಪತ್ರೆಯ ಬಿಲ್ಲಿನ ಹೊತ್ತಿಗೆ ಪಡುವ ಪಾಡನ್ನು ನೀವು ಕಂಡಿರುತ್ತೀರಿ. ಮನೆಯ ವಿಮೆಯೂ ಹಾಗೆಯೇ. ನಾಳೆ ಪ್ರವಾಹಕ್ಕೆ ಗೋಡೆ ಬಿದ್ದಾಗ ಸರ್ವೇಯರ್ ಬಂದು ಕೇಳುವ ಮೊದಲ ಪ್ರಶ್ನೆ, ಇದು ಮಳೆಯಿಂದ ಆದದ್ದೋ, ಮೊದಲೇ ಇದ್ದದ್ದೋ ಎಂಬುದು. ಪ್ರಪೋಸಲ್ ಫಾರಂನಲ್ಲಿ ಸತ್ಯ ಬರೆದಿದ್ದರೆ, ಕೊಂಡ ದಿನದ ಫೋಟೊಗಳಿದ್ದರೆ, ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ. ಹಳೆಯ ಬಿರುಕು ಇಷ್ಟೇ ಇತ್ತು, ಮಿಕ್ಕದ್ದೆಲ್ಲ ಮೊನ್ನೆಯ ನೀರಿನಿಂದ ಆದದ್ದು ಎಂದು ತೋರಿಸಬಹುದು. ಮುಚ್ಚಿಟ್ಟಿದ್ದರೆ ಆ ಸಣ್ಣ ಬಿರುಕೇ ಇಡೀ ಕ್ಲೇಮನ್ನು ತಿರಸ್ಕರಿಸಲು ನೆಪವಾದೀತು.

ಆದ್ದರಿಂದ ಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟು. ಅಡ್ವಾನ್ಸ್ ಕೊಡುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದೊಯ್ಯಿರಿ. ಮೇಸ್ತ್ರಿಯ ಬಾಯಿಮಾತು ಸಾಲದು, ಸಹಿ ಮಾಡಿದ ವರದಿ ಬೇಕು. ಯಾವ ಬಿರುಕು ಬರೀ ಗಾರೆಯದು, ಯಾವುದು ಪಾಯದಿಂದ ಬಂದದ್ದು ಎಂದು ಅದರಲ್ಲಿ ಬರೆಸಿ. ವೈರಿಂಗ್, ಪೈಪು, ತಾರಸಿಯ ಸೋರಿಕೆಯನ್ನು ಮೊದಲು ಸರಿಪಡಿಸಿ, ಬಿಲ್ಲುಗಳನ್ನು ಇಟ್ಟುಕೊಳ್ಳಿ. ಪ್ರತಿ ಕೋಣೆಯ ಫೋಟೊ ತೆಗೆದು ದಿನಾಂಕ ಸಮೇತ ನಿಮಗೇ ಇಮೇಲ್ ಮಾಡಿಕೊಳ್ಳಿ. ಮುಂಭಾಗದಲ್ಲಿ ಅಂಗಡಿ ಇದ್ದರೆ, ಮೇಲೆ ಪಿ.ಜಿ. ನಡೆಸುವುದಿದ್ದರೆ, ತಾರಸಿಗೆ ಶೀಟ್ ಹಾಕಿದ್ದರೆ, ರಿಪೇರಿಗೆಂದು ಮನೆ ತಿಂಗಳುಗಟ್ಟಲೆ ಖಾಲಿ ಇರುವುದಿದ್ದರೆ, ಅದನ್ನೆಲ್ಲ ಬರವಣಿಗೆಯಲ್ಲೇ ತಿಳಿಸಿ. ಮಾರಿದವರ ಹೆಸರಿನ ಪಾಲಿಸಿಯನ್ನು ನಂಬಿ ಕೂರಬೇಡಿ. ರಿಜಿಸ್ಟ್ರೇಷನ್ ದಿನದಿಂದಲೇ ನಿಮ್ಮ ಹೆಸರಿನಲ್ಲಿ ಪಾಲಿಸಿ ಇರಲಿ.

ಸಾಲ ತೆಗೆದುಕೊಳ್ಳುವವರು ಇನ್ನೊಂದು ಮಾತನ್ನು ಗಮನಿಸಬೇಕು. ಬ್ಯಾಂಕಿನಲ್ಲಿ "ಇನ್ಶೂರೆನ್ಸ್ ಆಗಿದೆ ಸಾರ್" ಎಂದರೆ ಅದು ಯಾವುದೆಂದು ಕೇಳಿ. ಎಷ್ಟೋ ಸಲ ಅದು ಸಾಲಗಾರರ ಜೀವಕ್ಕೆ ಮಾಡಿದ ವಿಮೆ. ಸಾಲ ಪಡೆದವರು ತೀರಿಹೋದರೆ ಸಾಲ ತೀರುತ್ತದೆ, ಮನೆ ಬಿದ್ದರೆ ಒಂದು ರೂಪಾಯಿಯೂ ಬರುವುದಿಲ್ಲ.

ಮಾರುವವರಲ್ಲೂ ಒಂದು ವಿನಂತಿ. ಗಿರಾಕಿ ಬರುವ ಹಿಂದಿನ ವಾರ ಪುಟ್ಟಿ ಬಳಿದು, ಪೇಂಟ್ ಹೊಡೆದು ತೇವವನ್ನು ಅಡಗಿಸಬೇಡಿ. ಎರಡು ಲಕ್ಷ ಕಡಿಮೆ ಬಂದರೂ ಸರಿ, ಇದ್ದದ್ದನ್ನು ಹೇಳಿ ಮಾರಿ. ಆ ಮನೆಗೆ ಬರುವುದು ನಿಮ್ಮಂಥದೇ ಸಂಸಾರ.

ಪಕ್ಕದ ಹಳೆ ಮನೆ ಕೆಡವಿ ಬೇಸ್‌ಮೆಂಟ್ ಅಗೆಸುವವರೇ, ನಿಮ್ಮ ಜೆಸಿಬಿ ಪಾಯಕ್ಕೆ ಇಳಿಯುವ ಮುನ್ನ ನೆರೆಮನೆಯ ಗೋಡೆಗಳ ಫೋಟೊ ತೆಗೆದು ಇಬ್ಬರೂ ಸಹಿ ಹಾಕಿ. ಅಗೆತದಿಂದಾಗುವ ಹಾನಿಯನ್ನು ನೆರೆಯವರ ಪಾಲಿಸಿ ತುಂಬಿಕೊಡುವುದಿಲ್ಲ. ನಿಮ್ಮ ಕಂಟ್ರಾಕ್ಟರ್ ಮಾಡಿಸುವ ಕಾಮಗಾರಿ ವಿಮೆಯಲ್ಲಿ ಮೂರನೆಯವರ ಆಸ್ತಿಗಾಗುವ ಹಾನಿ ಸೇರಿರಲಿ. ಕಂಪನ ಮತ್ತು ಆಧಾರ ಕುಸಿತದ ರಕ್ಷಣೆಯನ್ನು ಅದರಲ್ಲಿ ಕೇಳಿ ಸೇರಿಸಿಕೊಳ್ಳಬೇಕಾಗುತ್ತದೆ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ಇದನ್ನು ತಮ್ಮ ರಸ್ತೆಗಳಲ್ಲಿ ಕಟ್ಟುನಿಟ್ಟಿನ ರೂಢಿ ಮಾಡಬೇಕು. ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಎಂಜಿನಿಯರ್ ಮತ್ತು ವಿಮೆ ತಿಳಿದವರನ್ನು ಕರೆಸಿ, ಹಿರಿಯ ನಾಗರಿಕರಿಗೆ ಫಾರಂ ತುಂಬಲು ನೆರವಾಗಬೇಕು.

ಸತ್ಯ ಹೇಳಿ ವಿಮೆ ಮಾಡಿಸಿದ ಮೇಲೂ ಕಂಪನಿ ಅನ್ಯಾಯ ಮಾಡಿದರೆ ಸುಮ್ಮನಾಗಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ.

ಜೀವಮಾನದ ಉಳಿತಾಯ ಸುರಿದು ಮನೆ ಕೊಳ್ಳುತ್ತಿದ್ದೀರಿ. ರಿಜಿಸ್ಟ್ರೇಷನ್‌ಗೆ ಇಟ್ಟ ಹಣದ ಜೊತೆಗೆ ಎಂಜಿನಿಯರರ ವರದಿಗೂ ವಿಮೆಗೂ ಒಂದಿಷ್ಟು ತೆಗೆದಿಡಿ. ಮನೆಯ ದೋಷಗಳನ್ನು ನಾಚಿಕೆಯಿಲ್ಲದೆ ಬರೆಸಿ, ಪಾಲಿಸಿಯ ಷರತ್ತುಗಳನ್ನು ಪೂರ್ತಿ ಓದಿ, ಮುಂದಿನ ಮಳೆಗೆ ಮೊದಲೇ ಈ ಕೆಲಸ ಮುಗಿಸಿ. ಇದು ನನ್ನ ಕಳಕಳಿಯ ಮನವಿ.