ಎಂಟನೆಯವನ ಬಿರುದು

ಪದವೀಪ್ರದಾನದ ದಿನ ಕರಿಯ ನಿಲುವಂಗಿ ತೊಟ್ಟು ತೆಗೆಸಿಕೊಂಡ ಭಾವಚಿತ್ರವಿಲ್ಲದ ಮನೆ ನಮ್ಮ ಬಡಾವಣೆಯಲ್ಲಿ ಒಂದೂ ಇಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅಂಥ ಚಿತ್ರಗಳು ಎರಡಿವೆ. ಎರಡೂ ಒಬ್ಬನೇ ಮಗನವು. ಆತ ನನ್ನ ಹಳೆಯ ವಿದ್ಯಾರ್ಥಿ. ಷಟ್ಪದಿಗೆ ಪ್ರಸ್ತಾರ ಹಾಕುವಾಗ ಪ್ರತಿಸಲವೂ ಒಂದು ಮಾತ್ರೆಯನ್ನು ಎಲ್ಲಿಯೋ ಕಳೆದುಕೊಂಡು, ಕಡೆಗೆ ಅದನ್ನು ನನ್ನಿಂದಲೇ ಹುಡುಕಿಸುತ್ತಿದ್ದ ಹುಡುಗ. ಈಗ ಕ್ಯಾಲಿಫೋರ್ನಿಯಾದಲ್ಲಿ ಇಂಜಿನಿಯರು. ಹೋದ ಭಾನುವಾರ ಬೆಳಿಗ್ಗೆ ಅವನ ತಾಯಿ ಮೊಬೈಲನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ಇದೇನು ಸ್ವಲ್ಪ ನೋಡಿ ಹೇಳಿ. ರಾತ್ರಿ ಕಳಿಸಿದ್ದಾನೆ. ಇನ್ನೊಂದು ಡಿಗ್ರಿ ಮಾಡಿಕೊಂಡನೋ ಏನೋ! ಹಾಗಿದ್ದರೆ ಕಟ್ಟು ಹಾಕಿಸಬೇಕು."

ಪ್ರಮಾಣಪತ್ರದ ಚಿತ್ರವೊಂದು ಕಾಣಿಸಿತು. ನಕ್ಷತ್ರದ ಲಾಂಛನ, ಹುಡುಗನ ಹೆಸರು, ಒಂದು ಕ್ರಮಾಂಕ, ಎಸ್‌ಸಿಆರ್ ಎಂಬ ಮೂರಕ್ಷರ. ನನಗೆ ಇಂಗ್ಲಿಷು ಅರ್ಥವಾಯಿತು, ವಿಷಯ ಅರ್ಥವಾಗಲಿಲ್ಲ. ಅದರ ಹಿಂದೆಯೇ ಎರಡನೆಯ ಚಿತ್ರವಿತ್ತು. ಎಂಟು ಮಂದಿ ಒಬ್ಬರ ಮಣಿಕಟ್ಟನ್ನು ಒಬ್ಬರು ಹಿಡಿದು ದುಂಡಗೆ, ಕೋಲಾಟದವರಂತೆ, ಒಳಮುಖವಾಗಿ ಇದ್ದಾರೆ. ಅವರ ಕೆಳಗೆ, ಬಹಳ ಕೆಳಗೆ, ಚೌಕ ಚೌಕವಾದ ಹೊಲಗಳು ಚಾಪೆ ಹಾಸಿದಂತೆ ಕಾಣುತ್ತಿವೆ.

"ಇವರೆಲ್ಲ ಎಲ್ಲಿ ನಿಂತಿದ್ದಾರೆ?" ಎಂದು ಆಕೆ ಕೇಳಿದರು.

"ನಿಂತಿಲ್ಲ ಅಮ್ಮ" ಎಂದೆ. ಮುಂದಿನ ಮಾತನ್ನು ಹೇಗೆ ಹೇಳಬೇಕೆಂದು ತಿಳಿಯದೆ ಕಾಫಿಯ ಲೋಟವನ್ನು ಅವರ ಮುಂದಕ್ಕೆ ಸರಿಸಿದೆ. "ಬೀಳುತ್ತಿದ್ದಾರೆ."

ಆ ಕಾಫಿ ಆರಿಹೋಯಿತು. ಆಕೆ ಎದ್ದುಹೋಗುವಾಗ, ಈ ಬಿರುದಿನ ಪೂರ್ವೋತ್ತರಗಳನ್ನೆಲ್ಲ ವಿಚಾರಿಸಿ ತಿಳಿಸುತ್ತೇನೆಂದು ಮಾತುಕೊಟ್ಟೆ. ಬಿರುದಾವಳಿಗಳ ಅರ್ಥ ಹೇಳುವುದು ಕನ್ನಡ ಮೇಷ್ಟ್ರ ಕೆಲಸವೇ ಅಲ್ಲವೆ? ಶಾಸನಗಳಲ್ಲಿ ಸಾಮಂತನೊಬ್ಬನ ಹೆಸರಿಗಿಂತ ಮೊದಲು ಅವನ ಬಿರುದುಗಳೇ ಹತ್ತು ಸಾಲು ಬರುತ್ತವೆ; ಅವನ್ನು ಬಿಡಿಸಿ ಬಿಡಿಸಿ ನಮಗೆ ಅಭ್ಯಾಸವಾಗಿದೆ. ಆದರೆ ಒಂದು ವಾರ ಓದಿದ ಮೇಲೆ ನನಗೆ ತಿಳಿದದ್ದೇನೆಂದರೆ, ಈ ಬಿರುದಿನ ಜಾತಿಯೇ ಬೇರೆ.

ವಿಮಾನದಿಂದ ಧುಮುಕಿದವನು ಪ್ಯಾರಾಚೂಟನ್ನು ಕೂಡಲೆ ಬಿಚ್ಚದೆ ಗಾಳಿಯಲ್ಲಿ ಬೀಳುತ್ತ ಹೋಗುವುದಕ್ಕೆ ಮುಕ್ತಪತನವೆನ್ನಬಹುದು. ಹದಿಮೂರು ಸಾವಿರ ಅಡಿಗಳಿಂದ ಬಿದ್ದರೆ ಹೆಚ್ಚುಕಡಮೆ ಒಂದು ನಿಮಿಷದ ಬಾಳು. ಮೊದಲ ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ವೇಗ ಏರುತ್ತದೆ. ಹೊಟ್ಟೆ ಕೆಳಗೆ ಮಾಡಿ ಬೀಳುತ್ತಿದ್ದರೆ ಅದು ಗಂಟೆಗೆ ಸುಮಾರು 190 ಕಿಲೋಮೀಟರಿನ ಹತ್ತಿರ ಬಂದು ನಿಲ್ಲುತ್ತದೆ; ಗಾಳಿಯ ತಡೆಯೂ ದೇಹದ ಭಾರವೂ ಅಲ್ಲಿಗೆ ಸಮವಾಗುತ್ತವೆ. ಸ್ವಾರಸ್ಯವಿರುವುದು ಇಲ್ಲಿ. ಇಬ್ಬರು ಒಂದೇ ವೇಗದಲ್ಲಿ ಬೀಳುತ್ತಿದ್ದರೆ ಒಬ್ಬನಿಗೆ ಇನ್ನೊಬ್ಬನು ನಿಶ್ಚಲನಾಗಿಯೇ ಕಾಣುತ್ತಾನೆ. ಭೂಮಿ ಎಲ್ಲಿಯೋ ಇದೆ. ಎದುರಿಗೆ ಗೆಳೆಯನೊಬ್ಬನು ತೇಲುತ್ತಿದ್ದಾನೆ. ಕೈ ಚಾಚಿದರೆ ಸಿಕ್ಕೀತು.

ಆ ಕೈ ಚಾಚುವ ವಿದ್ಯೆಯನ್ನು ಮನುಷ್ಯ ಕಲಿತದ್ದು ತೀರ ಇತ್ತೀಚೆಗೆ. ಉತ್ತರ ಅಮೆರಿಕದಲ್ಲಿ ಒಬ್ಬನು ಬೀಳುತ್ತಲೇ ಇನ್ನೊಬ್ಬನಿಗೆ ಒಂದು ಕೋಲನ್ನು ದಾಟಿಸಿದ್ದು 1958ರಲ್ಲಿ. ಇಬ್ಬರಿಂದ ಎಂಟು ಮಂದಿಗೆ ಏರಲು ಏಳು ವರ್ಷ ಬೇಕಾಯಿತು. ಕ್ಯಾಲಿಫೋರ್ನಿಯಾದ ಕರ್ನ್ ಜಿಲ್ಲೆಯಲ್ಲಿ ಆರ್ವಿನ್ ಎಂಬ ಬೇಸಾಯದ ಊರೂ ಟಾಫ್ಟ್ ಎಂಬ ಎಣ್ಣೆಬಾವಿಗಳ ಊರೂ ಇವೆ. 'ಆರ್ವಿನ್ ಗುಡ್ ಗೈಸ್' ಎಂದು ಹೆಸರಿಟ್ಟುಕೊಂಡಿದ್ದ ಒಂದು ಗೆಳೆಯರ ಗುಂಪು 1965ರ ಅಕ್ಟೋಬರಿನಲ್ಲಿ ಟಾಫ್ಟಿನ ಮೇಲಣ ಆಕಾಶದಲ್ಲಿ ಎಂಟು ಜನರ ಉಂಗುರವನ್ನು ಕಟ್ಟಿತು. ಕೈಗಳು ಕೂಡಿ, ಕಾಲುಗಳು ಹೊರಕ್ಕೆ ಚಾಚಿ, ಕೆಳಗಿನಿಂದ ನೋಡಿದರೆ ಚುಕ್ಕಿಯಂತೆ ಕಂಡುದರಿಂದ ಅದಕ್ಕೆ ನಕ್ಷತ್ರವೆಂದೇ ಹೆಸರಾಯಿತು. ಹಗಲಿನಲ್ಲಿ ಹುಟ್ಟಿ ಕೆಲವೇ ಸೆಕೆಂಡು ಬಾಳುವ ನಕ್ಷತ್ರ.

ಆ ಗುಂಪಿನವನಾದ ಬಿಲ್ ನ್ಯೂವೆಲ್ 1967ರಲ್ಲಿ ಈ ಬಿರುದನ್ನು ಸ್ಥಾಪಿಸಿದನು. ಸರಕಾರವಲ್ಲ, ರಾಷ್ಟ್ರೀಯ ಸಂಘವಲ್ಲ. ಧುಮುಕುವವರು ತಮ್ಮತಮ್ಮಲ್ಲೇ ಮಾಡಿಕೊಂಡ ಏರ್ಪಾಡು. ಎಂಟು ಅಥವಾ ಅದಕ್ಕಿಂತ ಹೆಚ್ಚು ಜನರ ನಕ್ಷತ್ರದಲ್ಲಿ ಒಬ್ಬನಾದವನಿಗೆ 'ಸ್ಟಾರ್ ಕ್ರೆಸ್ಟ್ ರೆಸಿಪಿಯಂಟ್', ಎಂದರೆ ನಕ್ಷತ್ರಲಾಂಛನವನ್ನು ಪಡೆದವನು ಎಂಬ ಹೆಸರು. ನಮ್ಮ ಹುಡುಗ ಪಡೆದಿರುವುದು ಇದನ್ನೇ. ಅಂಥ ನಕ್ಷತ್ರವನ್ನು ಎಂಟನೆಯವನಾಗಿ ಅಥವಾ ಅವನಿಗೂ ಹಿಂದಿನವನಾಗಿ ಬಂದು ಸೇರಿದವನಿಗೆ 'ಸ್ಟಾರ್ ಕ್ರೆಸ್ಟ್ ಸೋಲೋಯಿಸ್ಟ್' ಎಂಬ ಇನ್ನೊಂದು ಬಿರುದುಂಟು. ಇರುಳಿನಲ್ಲಿ ಕಟ್ಟಿದ ನಕ್ಷತ್ರಗಳಿಗೂ ಬೇರೆಯಾಗಿ ಬಿರುದುಗಳಿವೆ. ಆ ಸಂಗತಿಯನ್ನು ಮಾತ್ರ ನಾನು ತಾಯಿಗೆ ಹೇಳಲಿಲ್ಲ.

ಲಾಂಛನಕ್ಕೆ ಬಾಬ್ ಬ್ಯೂಕರ್ ಎಂಬುವನ ಹೆಸರನ್ನಿಟ್ಟಿದ್ದಾರೆ. ಆ ಆರಂಭದ ದಿನಗಳಲ್ಲಿ ತಾನೂ ಜೊತೆಯಲ್ಲಿ ಬೀಳುತ್ತ ನಕ್ಷತ್ರಗಳ ಚಿತ್ರ ತೆಗೆಯುತ್ತಿದ್ದವನು ಅವನು. 1966ರಲ್ಲಿ ಮಾಲಿಬು ತೀರದಲ್ಲಿ ಚಲನಚಿತ್ರವೊಂದರ ಕೆಲಸಕ್ಕಾಗಿ ಧುಮುಕಿ, ಸಮುದ್ರಕ್ಕೆ ಬಿದ್ದು ಮುಳುಗಿ ಸತ್ತನು. ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ವಾಚಕರು ನೋಡಿರಬಹುದು: ಕೆಳಗಿನ ಅಂಕಣದಲ್ಲಿ ಹೋರಾಟ, ನಡುವಣ ಅಂಕಣದಲ್ಲಿ ವೀರನನ್ನು ಎರಡು ಕಡೆಯಿಂದ ತೋಳು ಹಿಡಿದು ಆಕಾಶಕ್ಕೊಯ್ಯುವ ಅಪ್ಸರೆಯರು. ಬ್ಯೂಕರನ ಗೆಳೆಯರು ಕಲ್ಲು ನೆಡಲಿಲ್ಲ. ಇನ್ನು ಮುಂದೆ ಹೊಸಬನೊಬ್ಬನು ಆಕಾಶದಲ್ಲಿ ಎರಡು ಕೈಗಳನ್ನು ಹಿಡಿದಾಗಲೆಲ್ಲ ಅವನ ಹೆಸರು ಬರುವಂತೆ ಮಾಡಿದರು. ನಡುವಣ ಅಂಕಣವೇ ಅಲ್ಲವೆ ಇದು, ಎಂದು ನನಗೆ ತೋರಿತು. ಬೇರೆಯವರಿಗೆ ಇದು ಮೇಷ್ಟ್ರ ಕಲ್ಪನೆಯೆನಿಸಿದರೆ ತಕರಾರಿಲ್ಲ.

ಎಂಟನೆಯವನಿಗೆ ಬೇರೆ ಬಿರುದೇಕೆ? ಓಟದ ಪಂದ್ಯದಲ್ಲಿ ಎಂಟನೆಯವನನ್ನು ಯಾರೂ ಕೇಳುವುದಿಲ್ಲ. (ಹೈಸ್ಕೂಲಿನಲ್ಲಿ ನಿಂಬೆಹಣ್ಣು-ಚಮಚದ ಓಟದಲ್ಲಿ ಮೂರನೆಯವನಾಗಿ ನಾನು ಒಂದು ಸೋಪಿನ ಡಬ್ಬಿಯನ್ನು ಗೆದ್ದದ್ದುಂಟು, ಓಡಿದವರು ನಾಲ್ಕೇ ಜನವೆಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ.) ಇಲ್ಲಿ ಲೆಕ್ಕ ತಿರುಗುಮುರುಗು. ಮೊದಲು ಹೊರಬಿದ್ದವನ ಕೆಲಸ ಅಲುಗದೆ, ತಿರುಗದೆ, ಒಂದೇ ಹದದಲ್ಲಿ ಬೀಳುತ್ತಿರುವುದು. ಎರಡನೆಯವನು ಬಂದು ಅವನನ್ನು ಹಿಡಿದಮೇಲೆ ಗುಂಪಿಗೊಂದು ಬುಡವಾಯಿತು. ಕೊನೆಯವನು ವಿಮಾನದ ಬಾಗಿಲಿಗೆ ಬರುವ ಹೊತ್ತಿಗೆ ಆ ಬುಡವು ಎಷ್ಟೋ ಅಡಿ ಕೆಳಗೆ, ದೂರಕ್ಕೆ ಸರಿದಿರುತ್ತದೆ. ಅವನು ತಲೆ ಕೆಳಗೆ ಮಾಡಿ, ಕೈಗಳನ್ನು ಮೈಗೆ ಸೇರಿಸಿ, ಹದ್ದು ಎರಗುವಂತೆ ಎರಗಬೇಕು. ಎರಗಿದವನು ಸರಿಯಾದ ಹೊತ್ತಿಗೆ ಕೈಕಾಲು ಅಗಲಿಸಿ ಗಾಳಿಯನ್ನು ತಬ್ಬಿ ವೇಗವನ್ನು ಕಳೆದುಕೊಳ್ಳಬೇಕು. ಬೇಗ ನಿಂತರೆ ಮೇಲೆಯೇ ತೇಲುತ್ತ ನಿಮಿಷ ಮುಗಿಯುತ್ತದೆ. ತಡವಾಗಿ ನಿಂತರೆ ಏಳು ಮಂದಿ ಕಷ್ಟಪಟ್ಟು ಕಟ್ಟಿದ ಉಂಗುರಕ್ಕೆ ಬಂಡೆಯಂತೆ ಬಡಿಯುತ್ತಾನೆ. ಆ ವೇಗದಲ್ಲಿ ಇಬ್ಬರು ಡಿಕ್ಕಿ ಹೊಡೆದರೆ ಮೂಳೆ ಮುರಿಯುವುದಷ್ಟೇ ಅಲ್ಲ, ಪ್ರಾಣವೂ ಹೋದೀತು. ಎಂಟನೆಯವನ ತಪ್ಪು ಅವನೊಬ್ಬನ ತಪ್ಪಾಗಿ ಉಳಿಯುವುದಿಲ್ಲ.

ಇನ್ನೂ ಒಂದು ತೊಡಕುಂಟು. ಹೊಸಬರೆಲ್ಲ ಮಾಡುವ ತಪ್ಪು ಉಂಗುರಕ್ಕಿಂತ ಕೆಳಗೆ ಹೋಗಿಬಿಡುವುದಂತೆ. ಬೀಳುವವನಿಗೆ ಕೆಳಕ್ಕೆ ಹೋಗಲು ಯತ್ನ ಬೇಡ. ಮೇಲಕ್ಕೆ ಬರುವುದೆಂದರೆ, ಉಳಿದವರಿಗಿಂತ ನಿಧಾನವಾಗಿ ಬೀಳುತ್ತ ಅವರು ತನ್ನ ಮಟ್ಟಕ್ಕೆ ಇಳಿಯಲೆಂದು ಕಾಯುವುದು. ದಪ್ಪನೆಯವರು ಬೇಗ ಬೀಳುತ್ತಾರೆ, ತೆಳ್ಳನೆಯವರು ನಿಧಾನ. ತೆಳ್ಳಗಿನವರು ಸೊಂಟಕ್ಕೆ ಸೀಸದ ಭಾರ ಕಟ್ಟಿಕೊಳ್ಳುವುದೂ ಉಂಟು. ಇದನ್ನು ಕೇಳಿದಾಗ ಆ ತಾಯಿಗೆ ಮೊದಲ ಸಲ ಸ್ವಲ್ಪ ಸಮಾಧಾನವಾಯಿತು. "ಹಾಗಾದರೆ ಅಲ್ಲಿ ಸರಿಯಾಗಿ ಊಟ ಮಾಡುತ್ತಿದ್ದಾನೋ ಇಲ್ಲವೋ ಗೊತ್ತಾಗುತ್ತದೆ, ಅನ್ನಿ."

ಒಳಸೇರುವ ಆ ಗಳಿಗೆಯನ್ನು ನಾನು ಅವರಿಗೆ ಹಗ್ಗದಾಟದಿಂದ ವಿವರಿಸಿದೆ. ಇಬ್ಬರು ಹುಡುಗಿಯರು ಉದ್ದನೆಯ ಹಗ್ಗ ತಿರುಗಿಸುತ್ತಿರುತ್ತಾರೆ, ನಡುವೆ ನಾಲ್ವರು ಕುಣಿಯುತ್ತಿರುತ್ತಾರೆ. ಹೊಸಬಳು ಪಕ್ಕದಲ್ಲಿ ನಿಂತು ತಲೆಯನ್ನು ಹಿಂದೆ ಮುಂದೆ ಆಡಿಸುತ್ತ ಲಯವನ್ನು ಮೊದಲು ಮೈಗೆ ತೆಗೆದುಕೊಳ್ಳುತ್ತಾಳೆ, ಆಮೇಲೆ ನುಗ್ಗುತ್ತಾಳೆ. ಆಕಾಶದಲ್ಲಿಯೂ ಹಾಗೆಯೇ. ಉಂಗುರದ ಮಟ್ಟಕ್ಕೇ ಬಂದು, ಹೊರಗೆ ಒಂದು ಗಳಿಗೆ ಪೂರ್ತಿ ತಡೆದು ನಿಂತು, ಆಮೇಲೆ ಮೆಲ್ಲನೆ ಮುಂದಕ್ಕೆ ಸರಿದು, ಕೈಕೈ ಹಿಡಿದಿರುವ ಇಬ್ಬರ ಮಣಿಕಟ್ಟುಗಳನ್ನು ಒಂದೊಂದು ಕೈಯಿಂದ ಹಿಡಿಯಬೇಕು. ತನ್ನ ಹಿಡಿತ ಭದ್ರವಾದ ಮೇಲೆ ಅವರಿಬ್ಬರ ನಡುವಣ ಹಿಡಿತವನ್ನು ಬಿಡಿಸಿ ಒಳಗಿನವನಾಗಬೇಕು. ಕೂಡಿದ ಎರಡು ಕೈಗಳನ್ನು ಬಿಡಿಸಿ, ಆದರೂ ಸಂಬಂಧ ಕೆಡದಂತೆ ನಡುವೆ ನಿಲ್ಲುವುದು! ಹೊಸದಾಗಿ ಮನೆಗೆ ಬಂದ ಸೊಸೆಯರಿಗೆ ಈ ಕಷ್ಟ ನನಗಿಂತ ಚೆನ್ನಾಗಿ ತಿಳಿದೀತು.

ಆ ಎರಡನೆಯ ಬಿರುದಿನಲ್ಲಿ ಸೋಲೋಯಿಸ್ಟ್ ಎಂಬ ಮಾತಿದೆ. ಒಂಟಿಯಾಗಿ ನುಡಿಸುವವನು ಎಂದರ್ಥ. ಏಳು ಜನರಿಲ್ಲದೆ ದೊರೆಯದ ಬಿರುದಿಗೆ ಒಂಟಿಯವನ ಹೆಸರಿಟ್ಟವರ ವಿನೋದವೋ, ವಿವೇಕವೋ! ನಮ್ಮ ಶಾಸನಗಳ ಬಿರುದುಗಳೆಲ್ಲ ಯಾರನ್ನು ಚದುರಿಸಿದೆ, ಯಾರ ತಲೆ ತೆಗೆದೆ ಎಂಬುದಕ್ಕೆ ಬಂದವು. ಇದು ಯಾರನ್ನೂ ಚದುರಿಸದೆ ಬಂದು ಸೇರಿದ್ದಕ್ಕೆ ಬಂದುದು.

ಎಂಟು ಎಂಬ ಸಂಖ್ಯೆ ಈಗ ದೊಡ್ಡದೇನಲ್ಲ. 2006ರ ಫೆಬ್ರವರಿ 8ರಂದು ಥಾಯ್ಲೆಂಡಿನ ಉಡಾನ್ ಥಾನಿಯಲ್ಲಿ 400 ಜನರು ಸೇನಾವಿಮಾನಗಳಿಂದ ಧುಮುಕಿ ಒಂದೇ ರಚನೆಯನ್ನು ಕಟ್ಟಿದರು. ಅದು ನಿಂತದ್ದು 4.25 ಸೆಕೆಂಡು. ಹಾಗಿದ್ದೂ ಎಂಟರ ನಕ್ಷತ್ರದ ಬಿರುದನ್ನು ಯಾರೂ ರದ್ದುಮಾಡಲಿಲ್ಲ. 1965ರಲ್ಲಿ ಪ್ರವೀಣರಿಗೇ ಎಟುಕದಂತಿದ್ದುದು ಇಂದು ಹೊಸಬನ ಹೊಸ್ತಿಲಾಗಿದೆ. ಅಮೆರಿಕದಲ್ಲಿ ಇಪ್ಪತ್ತೈದು ಸಲವಾದರೂ ಧುಮುಕಿ 'ಎ' ವರ್ಗದ ಪರವಾನಗಿ ಪಡೆಯುವ ತನಕ ಹೊಸಬನು ಇಂಥ ಗುಂಪಿನಲ್ಲಿ ಸೇರುವಂತಿಲ್ಲ. ಪರವಾನಗಿಯಾದ ಮೇಲೆ ಎದುರಿಗೆ ಕಾಣುವ ಮೊದಲ ಸಾಧನೆಗಳಲ್ಲಿ ಇದೊಂದು. ಹಳಬರು ತಮ್ಮ ಟಿಕೆಟ್ಟಿನ ಹಣವನ್ನು ತಾವೇ ಕೊಟ್ಟು, ತಮಗೇನೂ ಬಾರದ ಒಂದು ಬಿರುದಿಗಾಗಿ ಹೊಸಬನ ಜೊತೆಯಲ್ಲಿ ಬೀಳುತ್ತಾರೆ. ಒಂದು ಕಾಲದಲ್ಲಿ ಇನ್ಯಾರೋ ತಮ್ಮ ಜೊತೆ ಬಿದ್ದಿದ್ದರಲ್ಲ, ಅದರ ಲೆಕ್ಕಕ್ಕೆ. ನಮ್ಮ ಕಾಲೇಜುಗಳಲ್ಲಿ ಈ ಪದ್ಧತಿ ಬಂದರೆ ಪ್ರಥಮ ದರ್ಜೆಯವರೆಲ್ಲ ಏನೆನ್ನುವರೋ!

ಜೊತೆಗೆ ತಮಾಷೆಯ ಆಚಾರಗಳೂ ಇವೆ. ನೂರನೆಯ ಸಲ ಧುಮುಕಿದವನ ಮುಖಕ್ಕೆ ಕೆನೆ ತುಂಬಿದ ಸಿಹಿಹೂರಣವನ್ನು ಬಳಿಯುತ್ತಾರೆ. ಓಕುಳಿಯಾಡಿದ ಹೆಂಗಸಿಗೆ ಅದನ್ನು ವಿವರಿಸಬೇಕಾಗಿಲ್ಲ. ಮೊದಲ ಸಲ ಏನನ್ನಾದರೂ ಸಾಧಿಸಿದವನು ಉಳಿದವರಿಗೆಲ್ಲ ಬೀರನ್ನು ತಂದುಕೊಡಬೇಕು. ಇದನ್ನು ನಾನು "ತಂಪು ಪಾನೀಯ" ಎಂದು ಅನುವಾದಿಸಿದೆ.

ಇಷ್ಟನ್ನೂ ಈ ಭಾನುವಾರ ಆಕೆಗೆ ಹೇಳಿ ಮುಗಿಸಿದೆ. ಆಕೆ ಚಿತ್ರವನ್ನು ದೊಡ್ಡದು ಮಾಡಿ ಮಗನ ಮುಖವನ್ನು ನೋಡುತ್ತಿದ್ದರು. ಗಾಳಿಗೆ ಕೆನ್ನೆ ಉಬ್ಬಿ, ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯುವಂತಿರಲಿಲ್ಲ. ಕಡೆಗೆ, ನಾನು ಒಂದು ವಾರ ಓದಿಯೂ ಹೇಳಲು ಮರೆತಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳಿದರು.

"ಹಿಡಿದುಕೊಂಡದ್ದಾಯಿತು, ಮೇಷ್ಟ್ರೇ. ಬಿಡುವುದು ಯಾವಾಗ?"

ನಿಜವಾಗಿ ಪ್ರಾಣವಿರುವುದು ಅಲ್ಲಿಯೇ. ಕೈಹಿಡಿದಿರುವಾಗ ಯಾರೂ ಪ್ಯಾರಾಚೂಟನ್ನು ಬಿಚ್ಚುವಂತಿಲ್ಲ; ಬಿಚ್ಚಿದರೆ ಒಬ್ಬನ ಹಗ್ಗಗಳಲ್ಲಿ ಇನ್ನೊಬ್ಬನು ಸಿಕ್ಕಿಕೊಳ್ಳುತ್ತಾನೆ. ಆದ್ದರಿಂದ ಮೊದಲೇ ಒಂದು ಎತ್ತರವನ್ನು ಗೊತ್ತುಮಾಡಿಕೊಂಡಿರುತ್ತಾರೆ. ಆ ಎತ್ತರಕ್ಕೆ ಬಂದೊಡನೆ ನಕ್ಷತ್ರ ಪೂರ್ತಿಯಾಗಿರಲಿ ಇಲ್ಲದಿರಲಿ ಎಲ್ಲರೂ ಕೈಬಿಟ್ಟು, ಬೆನ್ನು ತಿರುಗಿಸಿ, ಆದಷ್ಟು ದೂರ ದೂರಕ್ಕೆ ಜಾರಿಹೋಗಬೇಕು. ಎಂಟನೆಯವನು ಇನ್ನೊಂದು ಗೇಣಿನಷ್ಟೇ ದೂರದಲ್ಲಿದ್ದರೂ ಸರಿಯೆ. ಕೈ ಚಾಚಿದವನೂ ತಿರುಗಿಕೊಳ್ಳಬೇಕು.

ಆಕೆ ಅಲ್ಲಿಂದಲೇ ಮಗನಿಗೆ ಕರೆ ಮಾಡಿದರು. ಅಲ್ಲಿ ಶನಿವಾರದ ರಾತ್ರಿ. ಹುಡುಗನು ಗಾಬರಿಯಿಂದ "ಏನಮ್ಮ, ಏನಾಯಿತು?" ಎಂದನು.

"ಏನೂ ಆಗಿಲ್ಲ. ಮೇಷ್ಟ್ರು ಎಲ್ಲ ಹೇಳಿದರು. ಕೈಬಿಡುವ ಹೊತ್ತು ನಿನಗೆ ಹೇಗೆ ತಿಳಿಯುತ್ತೆ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕೈಯಲ್ಲಿ ಎತ್ತರ ತೋರಿಸುವ ಗಡಿಯಾರದಂಥದು ಇರುತ್ತಮ್ಮ. ಕಿವಿಯ ಹತ್ತಿರ ಇನ್ನೊಂದು, ಅದು ಕೂಗುತ್ತೆ."

"ಅದು ಕೂಗಿದ ತಕ್ಷಣ ಬಿಡು. ಇನ್ನೊಬ್ಬ ಬರುತ್ತಾನೆ ಅಂತ ಕಾಯಬೇಡ. ನೀನು ಎಂಟನೆಯವನಾದರೂ ಬಿಡು. ತಿಳಿಯಿತೆ?"

"ತಿಳಿಯಿತಮ್ಮ."

"ಬಟ್ಟೆ ಒಗೆದುಕೊಂಡೆಯಾ?" ಎಂದು ಕೇಳಿ, ಉತ್ತರವನ್ನು ಕೇಳಿಸಿಕೊಂಡು ಕರೆಯನ್ನು ಮುಗಿಸಿದರು. ಆಮೇಲೆ ನನ್ನ ಕಡೆಗೆ ತಿರುಗಿ, ಪ್ರಮಾಣಪತ್ರಕ್ಕೆ ಕಟ್ಟು ಬೇಡ, ಎಂಟು ಜನರ ಚಿತ್ರವನ್ನೇ ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿಸಿಕೊಡುವವರು ಯಾರಾದರೂ ಇದ್ದಾರೆಯೆ ಎಂದು ವಿಚಾರಿಸಿದರು. ಬಸ್ ನಿಲ್ದಾಣದ ಎದುರಿನ ಅಂಗಡಿಯನ್ನು ಹೇಳಿದೆ. ಭಾನುವಾರ ಅದು ಮಧ್ಯಾಹ್ನದವರೆಗೆ ಮಾತ್ರ ತೆರೆದಿರುವುದರಿಂದ, ಎರಡನೆಯ ಲೋಟದ ಕಾಫಿಯನ್ನೂ ಕುಡಿಯದೆ ಎದ್ದು ಹೋದರು.